ಸರ್ಕಾರಿ ಆಫೀಸಿನ ಕರೆಂಟ್ ಬಿಲ್ ಯಾಕೆ ಇಳಿಯೋದಿಲ್ಲ? ಕಟ್ಟಡ, ಕಾರು, ಬಸ್ಸಿನ ಲೆಕ್ಕ

  ವಿಡಿಯೋದಲ್ಲಿ ಲೆಕ್ಕಗಳನ್ನ ಬೇಗ ಬೇಗ ಹೇಳಿ ಮುಗಿಸಬೇಕಾಗುತ್ತೆ. ಇಲ್ಲಿ ಬರಹದಲ್ಲಿ ಅದನ್ನೇ ನಿಧಾನವಾಗಿ, ಅಂಕಿಗಳ ಸಮೇತ ಇಡ್ತೀನಿ. ನಾನು ಸಾಫ್ಟ್‌ವೇರ್ ಇಂಜಿನಿಯರ್, ವಿದ್ಯುತ್ ಇಲಾಖೆಯವನಲ್ಲ. ಆದರೆ ಈ ವಿಷಯ ನಮ್ಮ ಕೆಲಸದವರಿಗೆ ಬೇಗ ಅರ್ಥ ಆಗೋವಂಥದ್ದು, ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ವಿಷಯ ಇದು: ಸರ್ಕಾರಿ ಕಟ್ಟಡಗಳಲ್ಲಿ, ಸರ್ಕಾರಿ ವಾಹನಗಳಲ್ಲಿ ವಿದ್ಯುತ್ ಮತ್ತು ಇಂಧನ ಉಳಿಸೋದು ಹೇಗೆ? ತಾಂತ್ರಿಕವಾಗಿ ಇದಕ್ಕೆ ಬೇಕಾದ್ದೆಲ್ಲ ಅಂಗಡಿಯಲ್ಲೇ ಸಿಗುತ್ತೆ. ಎಲ್‌ಇಡಿ ಇದೆ, ಒಳ್ಳೆ ಫ್ಯಾನ್ ಇದೆ, ಇನ್ವರ್ಟರ್ ಎಸಿ ಇದೆ, ಎಲೆಕ್ಟ್ರಿಕ್ ಬಸ್ಸೂ ಇದೆ. ಹಾಗಿದ್ರೂ ಆಗಬೇಕಾದಷ್ಟು ಯಾಕೆ ಆಗ್ತಾ ಇಲ್ಲ? ನನಗೆ ಕಾಣೋ ಉತ್ತರ ಒಂದೇ. ಉಳಿಸೋದಕ್ಕೆ ದುಡ್ಡು ಹಾಕೋರು ಒಬ್ಬರು, ಉಳಿದ ದುಡ್ಡಿನ ಲಾಭ ಸಿಗೋದು ಇನ್ನೊಬ್ಬರಿಗೆ. ಎಷ್ಟು ಉಳೀತು ಅಂತ ಅಳೆಯೋರು ಬಹಳ ಕಡೆ ಯಾರೂ ಇಲ್ಲ. ಈ ಗಂಟು ಬಿಚ್ಚಿದ ಕಡೆ ಕೆಲಸ ಆಗಿದೆ, ಬಿಚ್ಚದ ಕಡೆ ನಿಂತಿದೆ.

ಮೊದಲು ಅಳತೆ

ಒಂದು ಪ್ರೋಗ್ರಾಂ ನಿಧಾನ ಆಗಿದೆ ಅಂದ್ರೆ ನಾವು ಏನು ಮಾಡ್ತೀವಿ? ಕೋಡ್ ಮುಟ್ಟೋದಕ್ಕಿಂತ ಮೊದಲು ಪ್ರೊಫೈಲರ್ ಓಡಿಸ್ತೀವಿ. ಸಮಯ ಎಲ್ಲಿ ಹೋಗ್ತಿದೆ ನೋಡ್ತೀವಿ. ಕಟ್ಟಡಕ್ಕೆ ಆ ಕೆಲಸದ ಹೆಸರು ಎನರ್ಜಿ ಆಡಿಟ್.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿನ ಬುನಾದಿ 2001ರ ಇಂಧನ ಸಂರಕ್ಷಣಾ ಕಾಯ್ದೆ. ಅದರ ಕೆಳಗೆ 2002ರಲ್ಲಿ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ, ಅಂದ್ರೆ ಬಿಇಇ, ಶುರುವಾಯ್ತು. ನಿಮ್ಮ ಮನೆ ಫ್ರಿಜ್ ಮೇಲೆ ನಕ್ಷತ್ರದ ಚೀಟಿ ಅಂಟಿಸಿರೋದು ಇವರದ್ದೇ ವ್ಯವಸ್ಥೆ. ಬಿಇಇ ಮೊದಮೊದಲು ಕೈಗೆತ್ತಿಕೊಂಡ ಕೆಲಸಗಳಲ್ಲಿ ಒಂದು ದೆಹಲಿಯ ಸರ್ಕಾರಿ ಕಟ್ಟಡಗಳ ಆಡಿಟ್. ರಾಷ್ಟ್ರಪತಿ ಭವನ, ರೈಲ್ ಭವನ, ಸಂಚಾರ್ ಭವನ, ಶ್ರಮಶಕ್ತಿ ಭವನ, ಏಮ್ಸ್ ಆಸ್ಪತ್ರೆಯಂಥ ಜಾಗಗಳು ಅದರಲ್ಲಿದ್ದವು. ಬಂದ ಫಲಿತಾಂಶ ಏನು? ಕಟ್ಟಡಕ್ಕೆ ತಕ್ಕ ಹಾಗೆ, ಸುಮಾರು ಕಾಲುಭಾಗದಿಂದ ಹಿಡಿದು ಅರ್ಧದ ಹತ್ತಿರದವರೆಗೆ ವಿದ್ಯುತ್ ಉಳಿಸಬಹುದು ಅಂತ. ಇಪ್ಪತ್ತು ವರ್ಷದ ಹಿಂದೆಯೇ ಇದು ಗೊತ್ತಿತ್ತು.

ಕಟ್ಟಡದ 'ಮೈಲೇಜ್' ಅಳೆಯೋದಕ್ಕೂ ಒಂದು ಸರಳ ಸಂಖ್ಯೆ ಇದೆ: ವರ್ಷಕ್ಕೆ ಖರ್ಚಾದ ಯೂನಿಟ್‌ಗಳನ್ನ ಕಟ್ಟಡದ ಚದರ ಮೀಟರಿನಿಂದ ಭಾಗಿಸಿ. ಇದನ್ನ ಇಪಿಐ ಅಂತಾರೆ. ಬಿಇಇ 2009ರಲ್ಲಿ ಆಫೀಸ್ ಕಟ್ಟಡಗಳಿಗೆ ನಕ್ಷತ್ರ ಕೊಡೋದಕ್ಕೆ ಶುರುಮಾಡಿದಾಗ, ದೆಹಲಿಯಂಥ ಹವಾಮಾನದಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗಕ್ಕೆ ಎಸಿ ಇರೋ ಆಫೀಸಿಗೆ ಇಟ್ಟ ಅಳತೆ ಹೀಗಿತ್ತು: 165ರಿಂದ 190 ಇದ್ರೆ ಒಂದು ನಕ್ಷತ್ರ, 90ಕ್ಕಿಂತ ಕಡಿಮೆ ಇದ್ರೆ ಐದು. ಅಂದ್ರೆ ಒಂದೇ ಊರು, ಒಂದೇ ಬಿಸಿಲು, ಒಂದೇ ಥರದ ಕೆಲಸ. ಆದರೂ ಎರಡು ಆಫೀಸುಗಳ ನಡುವೆ ಎರಡು ಪಟ್ಟು ವ್ಯತ್ಯಾಸ ಇರಬಹುದು.

ಈ ವ್ಯತ್ಯಾಸ ಬರೋದು ಎಲ್ಲಿಂದ? ಎಸಿ ಇರೋ ಆಫೀಸಿನಲ್ಲಿ ದೊಡ್ಡ ಪಾಲು ತಂಪು ಮಾಡೋದಕ್ಕೇ ಹೋಗುತ್ತೆ. ಎಸಿಯ ಉಷ್ಣತೆ ಒಂದು ಡಿಗ್ರಿ ಮೇಲೆ ಇಟ್ರೆ ಸುಮಾರು 6 ಶೇಕಡಾ ವಿದ್ಯುತ್ ಉಳಿಯುತ್ತೆ ಅನ್ನೋದು ಬಿಇಇ ಹೇಳೋ ಅಂದಾಜು. ಅದಕ್ಕೇ 2020ರ ಜನವರಿಯಿಂದ ಮಾರಾಟಕ್ಕೆ ಬರೋ ನಕ್ಷತ್ರ ಗುರುತಿನ ರೂಮ್ ಎಸಿಗಳೆಲ್ಲ ಆನ್ ಮಾಡಿದ ತಕ್ಷಣ 24 ಡಿಗ್ರಿಯಲ್ಲೇ ಶುರುವಾಗಬೇಕು ಅಂತ ನಿಯಮ ಆಯ್ತು. ಬೇಕಾದ್ರೆ ಇಳಿಸಿಕೊಳ್ಳಬಹುದು, ಯಾರೂ ತಡೆಯೋದಿಲ್ಲ. ಆದರೆ ಡೀಫಾಲ್ಟ್ ಸೆಟ್ಟಿಂಗ್ ಬದಲಾಯಿಸೋರು ಎಷ್ಟು ಕಡಿಮೆ ಅನ್ನೋದು ನಮಗೆ ಹೇಳಿಕೊಡಬೇಕಾ!

ಗೊತ್ತಿದ್ದೂ ಯಾಕೆ ಮಾಡೋದಿಲ್ಲ?

ಒಂದು ಫ್ಯಾನ್ ತಗೊಳ್ಳೋಣ. ಹಳೇ ಮಾದರಿಯ ಸೀಲಿಂಗ್ ಫ್ಯಾನ್ ಸುಮಾರು 75 ವಾಟ್ ಎಳೆಯುತ್ತೆ. ಬಿಎಲ್‌ಡಿಸಿ ಫ್ಯಾನ್ ಹೆಚ್ಚುಕಡಿಮೆ 30 ವಾಟ್. ವ್ಯತ್ಯಾಸ 45 ವಾಟ್. ದಿನಕ್ಕೆ 10 ಗಂಟೆ, ವರ್ಷಕ್ಕೆ 250 ಕೆಲಸದ ದಿನ ಅಂತ ಇಟ್ಕೊಂಡ್ರೆ ವರ್ಷಕ್ಕೆ 112 ಯೂನಿಟ್ ಉಳಿತಾಯ. ಯೂನಿಟ್‌ಗೆ 8 ರೂಪಾಯಿ ಅಂದ್ರೆ ಸುಮಾರು 900 ರೂಪಾಯಿ. ಹಳೇ ಥರದ ಫ್ಯಾನಿಗೆ 1,500, ಬಿಎಲ್‌ಡಿಸಿಗೆ 3,000 ಅಂತ ಇಟ್ಕೊಳ್ಳಿ. ಹೊಸದಾಗಿ ಕೊಳ್ಳೋವಾಗಲೇ ಒಳ್ಳೇದು ಕೊಂಡ್ರೆ, ಹೆಚ್ಚು ಕೊಟ್ಟ 1,500 ರೂಪಾಯಿ ಎರಡು ವರ್ಷದೊಳಗೆ ವಾಪಸ್. 200 ಫ್ಯಾನ್ ಇರೋ ಜಿಲ್ಲಾ ಕಚೇರಿಗೆ ವರ್ಷಕ್ಕೆ 1.8 ಲಕ್ಷ ಉಳಿತಾಯ.

ಇಷ್ಟು ಸುಲಭದ ಲೆಕ್ಕ ನಮ್ಮ ಮನೆಯಲ್ಲಿ ಆದ್ರೆ ನಾವೇ ಮಾಡ್ತೀವಿ. ಸರ್ಕಾರಿ ಕಚೇರಿಯಲ್ಲಿ ಮೂರು ಅಡ್ಡಿ ಬರುತ್ತೆ.

ಒಂದು: ಕಟ್ಟಡ ಕಟ್ಟೋದು, ಫ್ಯಾನ್ ಲೈಟ್ ಹಾಕೋದು ಲೋಕೋಪಯೋಗಿ ಇಲಾಖೆ. ಕರೆಂಟ್ ಬಿಲ್ ಕಟ್ಟೋದು ಅಲ್ಲಿ ಕೂರೋ ಇಲಾಖೆ. ಒಳ್ಳೆ ಫ್ಯಾನ್ ಹಾಕಿದ್ರೆ ಖರ್ಚು ಇವರದ್ದು, ಲಾಭ ಅವರದ್ದು. ಬಾಡಿಗೆ ಮನೆಯಲ್ಲಿ ಓನರ್ ಯಾಕೆ ಐದು ನಕ್ಷತ್ರದ ಗೀಸರ್ ಹಾಕ್ಸೋದಿಲ್ಲ ಅಂತ ಬಾಡಿಗೆಗೆ ಇರೋ ನಮಗೆ ಗೊತ್ತಲ್ಲ, ಅದೇ ಕಥೆ.

ಎರಡು: ಬಜೆಟ್ಟಿನಲ್ಲಿ ಬಿಲ್ ಕಟ್ಟೋ ದುಡ್ಡಿನ ಶೀರ್ಷಿಕೆ ಬೇರೆ, ಸಾಮಾನು ಕೊಳ್ಳೋ ಶೀರ್ಷಿಕೆ ಬೇರೆ. ಒಂದರಲ್ಲಿ ಉಳಿದಿದ್ದನ್ನ ಇನ್ನೊಂದಕ್ಕೆ ಸುಮ್ನೆ ಹಾಕೋದಕ್ಕೆ ಬರೋದಿಲ್ಲ. ಅಷ್ಟೇ ಅಲ್ಲ, ಈ ವರ್ಷ ಬಿಲ್ಲಿನಲ್ಲಿ 10 ಲಕ್ಷ ಉಳಿಸಿದ್ರೆ ಮಾರ್ಚ್ 31ಕ್ಕೆ ಅದು ವಾಪಸ್ ಹೋಗುತ್ತೆ, ಮುಂದಿನ ವರ್ಷದ ಅನುದಾನವೂ ಕಡಿಮೆ ಆಗಬಹುದು. ಉಳಿಸಿದ ಅಧಿಕಾರಿಗೆ ಸಿಕ್ಕಿದ್ದು ಏನು?

ಮೂರು: ಟೆಂಡರಿನಲ್ಲಿ ಕಡಿಮೆ ದರ ಹೇಳಿದವನಿಗೆ ಆದ್ಯತೆ. ಹತ್ತು ವರ್ಷ ಓಡಿಸೋ ಖರ್ಚು ಆ ಹೋಲಿಕೆಯಲ್ಲಿ ಸಾಮಾನ್ಯವಾಗಿ ಬರೋದಿಲ್ಲ. ಕೇಂದ್ರ ಸರ್ಕಾರ ಇದಕ್ಕೆ ತಕ್ಕಮಟ್ಟಿಗೆ ಪರಿಹಾರ ಕೊಟ್ಟಿದೆ. ಹಣಕಾಸು ನಿಯಮಗಳ 2017ರ ಆವೃತ್ತಿಯಲ್ಲಿ, ಗುರುತಿಸಿದ ವಿದ್ಯುತ್ ಉಪಕರಣಗಳನ್ನ ಕೊಳ್ಳೋವಾಗ ನಿಗದಿ ಮಾಡಿದ ಕನಿಷ್ಠ ನಕ್ಷತ್ರ ಇರಲೇಬೇಕು ಅಂತ ಸೇರಿಸಿದ್ರು. ಅಂದ್ರೆ ಕೆಟ್ಟ ಮಾಲು ರೇಸಿಗೇ ಬರೋ ಹಾಗಿಲ್ಲ. ಆದರೆ ಇದು ಹೊಸದಾಗಿ ಕೊಳ್ಳೋದಕ್ಕೆ ಮಾತ್ರ. ಈಗಾಗಲೇ ತಿರುಗ್ತಾ ಇರೋ ಹಳೇ ಫ್ಯಾನು ತಿರುಗ್ತಾನೇ ಇರುತ್ತೆ.

ಉಳಿತಾಯದಿಂದಲೇ ಕಂತು

ಈ ಗಂಟನ್ನ ಬಿಚ್ಚೋದಕ್ಕೆ ಬಂದಿದ್ದು ಎಸ್ಕೋ ಮಾದರಿ, ಎನರ್ಜಿ ಸರ್ವೀಸ್ ಕಂಪನಿ ಅಂತ. 2009ರಲ್ಲಿ ಎನ್‌ಟಿಪಿಸಿ, ಪವರ್ ಗ್ರಿಡ್, ಪಿಎಫ್‌ಸಿ, ಆರ್‌ಇಸಿ ನಾಲ್ಕೂ ಸೇರಿ ಹುಟ್ಟುಹಾಕಿದ ಇಇಎಸ್‌ಎಲ್ ಅಂಥದ್ದೊಂದು ಕಂಪನಿ, ಸಾರ್ವಜನಿಕ ವಲಯದ್ದು.

ಕೆಲಸ ಮಾಡೋ ರೀತಿ ಹೀಗಿದೆ. ಒಂದು ಕಚೇರಿಯ ವಾರ್ಷಿಕ ಬಿಲ್ 40 ಲಕ್ಷ ಅಂತ ಇಟ್ಕೊಳ್ಳಿ. ಕಂಪನಿ ತನ್ನ ಕೈಯಿಂದ 30 ಲಕ್ಷ ಹಾಕಿ ಲೈಟು, ಫ್ಯಾನು, ಎಸಿ ಬದಲಾಯಿಸುತ್ತೆ. ಬಿಲ್ಲು ಕಾಲುಭಾಗ ಇಳಿದ್ರೆ ವರ್ಷಕ್ಕೆ 10 ಲಕ್ಷ ಉಳೀತು. ಅದರಲ್ಲಿ 8 ಲಕ್ಷ ಐದು ವರ್ಷ ಕಂಪನಿಗೆ ಕಂತು, ಅಸಲು ಬಡ್ಡಿ ಸೇರಿ. ಮಿಕ್ಕ 2 ಲಕ್ಷ ಮೊದಲ ವರ್ಷದಿಂದಲೇ ಇಲಾಖೆಗೆ. ಆರನೇ ವರ್ಷದಿಂದ ಪೂರ್ತಿ 10 ಲಕ್ಷ ಇಲಾಖೆಯದ್ದೇ. ಇಲಾಖೆ ಮೊದಲು ಒಂದು ರೂಪಾಯಿ ಹಾಕೋದು ಬೇಡ, ಸಾಮಾನು ಕೊಳ್ಳೋ ಶೀರ್ಷಿಕೆಯನ್ನ ಮುಟ್ಟೋದೂ ಬೇಡ. ಇವು ನಾನು ಇಟ್ಟ ಉದಾಹರಣೆಯ ಅಂಕಿಗಳು, ಆದರೆ ಒಪ್ಪಂದದ ಆಕಾರ ಇದೇ.

ಇನ್ನೊಂದು ಲಾಭ ದೊಡ್ಡ ಖರೀದಿಯದ್ದು. 2015ರ ಜನವರಿಯಲ್ಲಿ ಶುರುವಾದ ಉಜಾಲಾ ಯೋಜನೆ ನೆನಪಿದ್ಯಾ? ದೊಡ್ಡ ಪ್ರಮಾಣದ ಬೇಡಿಕೆ ಒಟ್ಟು ಮಾಡಿ ಟೆಂಡರ್ ಕರೆದಿದ್ದಕ್ಕೆ, 2014ರಲ್ಲಿ 310 ರೂಪಾಯಿ ಇದ್ದ ಎಲ್‌ಇಡಿ ಬಲ್ಬಿನ ಖರೀದಿ ದರ 2016ಕ್ಕೆ 38 ರೂಪಾಯಿಗೆ ಇಳೀತು. ಬೀದಿದೀಪಕ್ಕೂ ಇದೇ ದಾರಿ. ದೇಶದಲ್ಲಿ 1.3 ಕೋಟಿಗೂ ಹೆಚ್ಚು ಎಲ್‌ಇಡಿ ಬೀದಿದೀಪ ಇಇಎಸ್‌ಎಲ್ ಮೂಲಕ ಬಂದಿವೆ.

ಆದರೆ ಈ ಮಾದರಿ ಎರಡು ಕಡೆ ಎಡವುತ್ತೆ.

ಮೊದಲನೇದು ಬೇಸ್‌ಲೈನ್. 'ಹತ್ತು ಲಕ್ಷ ಉಳೀತು' ಅಂತ ಯಾರು ಹೇಳೋದು? ಈ ಬೇಸಿಗೆ ಹೋದ ಬೇಸಿಗೆಗಿಂತ ಬಿಸಿ ಇತ್ತು. ಹೊಸದಾಗಿ ಎರಡು ಮಹಡಿ ಕಂಪ್ಯೂಟರ್ ಬಂತು. ಬಿಲ್ಲು ಇಳಿಯೋ ಬದಲು ಏರಿತು. ಕಂಪನಿ ಕೆಲಸ ಮಾಡಿಲ್ಲ ಅಂತಾನಾ? ನಾವು ಎ-ಬಿ ಟೆಸ್ಟ್ ಮಾಡೋವಾಗ ಟ್ರಾಫಿಕ್ ಬದಲಾದ್ರೆ ಅದನ್ನ ಲೆಕ್ಕದಿಂದ ತೆಗೀತೀವಿ ತಾನೆ? ಇಲ್ಲೂ ಹವಾಮಾನ, ಜನ, ಕೆಲಸದ ಗಂಟೆ ಎಲ್ಲ ಸರಿದೂಗಿಸಿ 'ಏನೂ ಮಾಡದೇ ಇದ್ದಿದ್ರೆ ಬಿಲ್ ಎಷ್ಟು ಬರ್ತಿತ್ತು' ಅಂತ ಅಂದಾಜು ಮಾಡಬೇಕು. ಅದಕ್ಕೆ ಮಹಡಿಗೊಂದು, ಎಸಿ ಲೈನಿಗೊಂದು ಸಬ್‌ಮೀಟರ್ ಬೇಕು. ಇಡೀ ಆವರಣಕ್ಕೆ ಒಂದೇ ಮೀಟರ್ ಇದ್ರೆ ಜಗಳ ಬಿಟ್ಟು ಬೇರೇನೂ ಅಳೆಯೋಕಾಗಲ್ಲ.

ಎರಡನೇದು ಬಾಕಿ. ದೀಪ ಉರೀತಾ ಇದೆ, ಕರೆಂಟ್ ಉಳೀತಾ ಇದೆ, ಆದರೆ ಕಂತು ಬರ್ತಾ ಇಲ್ಲ. ಹಲವು ಸ್ಥಳೀಯ ಸಂಸ್ಥೆಗಳು ಬೀದಿದೀಪದ ಕಂತನ್ನ ಸಮಯಕ್ಕೆ ಕಟ್ಟದೆ ಇಇಎಸ್‌ಎಲ್‌ಗೆ ದೊಡ್ಡ ಮೊತ್ತ ಬಾಕಿ ನಿಂತಿತು. ಸರ್ಕಾರಿ ಕಂಪನಿಯೇ ಹೀಗೆ ಸಿಕ್ಕಿಕೊಂಡ್ರೆ, ಖಾಸಗಿ ಎಸ್ಕೋ ಯಾವ ಧೈರ್ಯದ ಮೇಲೆ ಬರುತ್ತೆ? ಈ ಪ್ರಶ್ನೆ ನೆನಪಿಟ್ಟುಕೊಳ್ಳಿ, ಬಸ್ಸಿನ ವಿಷಯದಲ್ಲಿ ಮತ್ತೆ ಬರುತ್ತೆ.

ಹೊಸದಾಗಿ ಕಟ್ಟೋವಾಗಲೇ ಸರಿ ಮಾಡಿದ್ರೆ?

ದೆಹಲಿಯಲ್ಲಿ ಇರೋರು ಜೋರ್‌ಬಾಗ್ ಕಡೆ ಹೋದಾಗ ಇಂದಿರಾ ಪರ್ಯಾವರಣ ಭವನ ನೋಡಿ. ಪರಿಸರ ಸಚಿವಾಲಯದ ಕಟ್ಟಡ, ಕೇಂದ್ರ ಲೋಕೋಪಯೋಗಿ ಇಲಾಖೆ ಕಟ್ಟಿದ್ದು, 2014ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯ್ತು. ಮಧ್ಯದಲ್ಲಿ ಅಂಗಳ, ಗಾಳಿ ಬೆಳಕು ಒಳಗೆ ಬರೋ ಹಾಗೆ ವಿನ್ಯಾಸ. ತಣ್ಣೀರು ಹರಿಯೋ ಚಾವಣಿ ಬೀಮ್‌ಗಳಿಂದ ತಂಪು. ಕಟ್ಟಡದ ಬಿಸಿಯನ್ನ ನೆಲದೊಳಗೆ ಬಿಡೋ ವ್ಯವಸ್ಥೆ. ಚಾವಣಿ ಮೇಲೆ 930 ಕಿಲೋವ್ಯಾಟ್ ಸೋಲಾರ್. ಬಳಸಿದಷ್ಟನ್ನ ವರ್ಷದ ಲೆಕ್ಕದಲ್ಲಿ ತಾನೇ ಉತ್ಪಾದಿಸಬೇಕು ಅನ್ನೋ ಗುರಿ ಇಟ್ಟು ಕಟ್ಟಿದ್ದು. ಇಲ್ಲಿ ಗಮನಿಸಬೇಕಾದ್ದು ಕ್ರಮ: ಮೊದಲು ಬೇಡಿಕೆ ಇಳಿಸಿದ್ರು, ಆಮೇಲೆ ಸೋಲಾರ್ ಹಾಕಿದ್ರು. ಸೋರೋ ಕೊಡಕ್ಕೆ ದೊಡ್ಡ ನಲ್ಲಿ ಹಾಕಿ ಪ್ರಯೋಜನ ಇಲ್ಲ.

ಎಲ್ಲಾ ಕಟ್ಟಡವನ್ನೂ ಹೀಗೆ ಕಟ್ಟೋಕಾಗದಿದ್ರೂ ಕನಿಷ್ಠ ಮಟ್ಟ ಕಾಯೋದಕ್ಕೆ ಇಸಿಬಿಸಿ ಅನ್ನೋ ನಿಯಮಾವಳಿ ಇದೆ. 2007ರಲ್ಲಿ ಮೊದಲು ಬಂತು, 2017ರಲ್ಲಿ ಪರಿಷ್ಕರಣೆ ಆಯ್ತು. 100 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚು ಸಂಪರ್ಕ ಇರೋ ವಾಣಿಜ್ಯ ಕಟ್ಟಡಗಳಿಗೆ ಅನ್ವಯ, ಸರ್ಕಾರಿ ಆಫೀಸೂ ಇದರಲ್ಲಿ ಸೇರುತ್ತೆ. ಗೋಡೆ, ಗಾಜು, ಚಾವಣಿ, ಎಸಿ, ಲೈಟ್ ಎಲ್ಲದಕ್ಕೂ ಮಿತಿ. ಆದರೆ ಜಾರಿಗೆ ತರಬೇಕಾದ್ದು ರಾಜ್ಯ ಮತ್ತು ನಗರಪಾಲಿಕೆ. ಹೈದರಾಬಾದಿನವರಿಗೆ ಖುಷಿ ಆಗೋ ವಿಷಯ: ಕಟ್ಟಡದ ಆನ್‌ಲೈನ್ ಪರವಾನಗಿ ವ್ಯವಸ್ಥೆಯೊಳಗೇ ಈ ನಿಯಮದ ತಪಾಸಣೆಯನ್ನ ಸೇರಿಸಿದ ಮೊದಲಿಗರಲ್ಲಿ ತೆಲಂಗಾಣ ಒಂದು. ಬಿಲ್ಡ್ ಪಾಸ್ ಆಗದೆ ಡಿಪ್ಲಾಯ್ ಇಲ್ಲ, ಅದೇ ತರ್ಕ.

ಕಾರು: ಓಡಿದ್ರೆ ತಾನೇ ಉಳಿತಾಯ

ಈಗ ವಾಹನಕ್ಕೆ ಬರೋಣ. 2017ರಲ್ಲಿ ಇಇಎಸ್‌ಎಲ್ ಬಲ್ಬಿನ ಸೂತ್ರವನ್ನೇ ಕಾರಿಗೆ ಹಾಕಿತು. ಸರ್ಕಾರಿ ಇಲಾಖೆಗಳಿಗೆ ಬಾಡಿಗೆಗೆ ಕೊಡೋದಕ್ಕೆ 10,000 ಎಲೆಕ್ಟ್ರಿಕ್ ಕಾರಿನ ಟೆಂಡರ್. ಟಾಟಾ ಮೋಟಾರ್ಸ್ ಹೇಳಿದ ದರ ಜಿಎಸ್‌ಟಿ ಬಿಟ್ಟು 10.16 ಲಕ್ಷ. ಮಹೀಂದ್ರಾಗೂ ಪಾಲು ಸಿಕ್ಕಿತು. ಮೊದಲ ಹಂತ 500 ಕಾರು. ಆಮೇಲೆ ವೇಗ ಇಳೀತು. ಆಗಿನ ಕಾರುಗಳ ಬ್ಯಾಟರಿ ಚಿಕ್ಕದು, ಎಸಿ ಹಾಕಿಕೊಂಡು ಓಡಿಸಿದ್ರೆ ಒಂದು ಚಾರ್ಜಿಗೆ ಹೋಗೋ ದೂರ ಸಾಲದು ಅಂತ ಬಳಸೋರಿಂದ ದೂರು. ಆಫೀಸುಗಳಲ್ಲಿ ಚಾರ್ಜರ್ ಕೂಡ ಕಾರಿನ ಜೊತೆಜೊತೆಗೆ ಬರಲಿಲ್ಲ.

ಇವತ್ತಿನ ಕಾರುಗಳಲ್ಲಿ ದೂರದ ಸಮಸ್ಯೆ ಬಹಳ ಕಡಿಮೆ ಆಗಿದೆ. ಆದರೆ ಒಂದು ಲೆಕ್ಕ ಹಾಗೇ ಉಳಿದಿದೆ. ಪೆಟ್ರೋಲ್ ಕಾರು ಲೀಟರಿಗೆ 15 ಕಿಲೋಮೀಟರ್, ಲೀಟರ್ 100 ರೂಪಾಯಿ ಅಂದ್ರೆ ಕಿಲೋಮೀಟರಿಗೆ 6.70. ಎಲೆಕ್ಟ್ರಿಕ್ ಕಾರು ಯೂನಿಟ್‌ಗೆ 7 ಕಿಲೋಮೀಟರ್, ಯೂನಿಟ್ 8 ರೂಪಾಯಿ ಅಂದ್ರೆ 1.15. ಉಳಿತಾಯ ಕಿಲೋಮೀಟರಿಗೆ ಐದೂವರೆ ರೂಪಾಯಿ. ವರ್ಷಕ್ಕೆ 20,000 ಕಿಲೋಮೀಟರ್ ಓಡಿದ್ರೆ 1.1 ಲಕ್ಷ. 5,000 ಮಾತ್ರ ಓಡಿದ್ರೆ ಇಪ್ಪತ್ತೇಳು ಸಾವಿರ ಚಿಲ್ಲರೆ.

ಸಾಹೇಬರ ಕಾರು ದಿನವೆಲ್ಲ ಎಲ್ಲಿರುತ್ತೆ? ಬೆಳಿಗ್ಗೆ ಮನೆಯಿಂದ ಆಫೀಸು, ಸಂಜೆ ಆಫೀಸಿನಿಂದ ಮನೆ, ಮಧ್ಯೆ ಪೋರ್ಟಿಕೋ ನೆರಳು. ಅಂಥ ಕಾರಿಗೆ ಎಲೆಕ್ಟ್ರಿಕ್ ಹಾಕಿದ್ರೆ ಫೋಟೋ ಚೆನ್ನಾಗಿ ಬರುತ್ತೆ, ಲೆಕ್ಕ ಚೆನ್ನಾಗಿ ಬರೋದಿಲ್ಲ. ಹಲವು ಇಲಾಖೆಗಳು ಒಂದೇ ಆವರಣದಲ್ಲಿ ಇರೋ ಕಡೆ ಕಾರುಗಳನ್ನ ಒಟ್ಟಿಗೆ ಹಂಚಿಕೊಂಡು, ಹತ್ತು ಕಾರಿನ ಕೆಲಸ ಆರು ಕಾರಿನಲ್ಲಿ ಮಾಡಿದ್ರೆ ಆ ಆರೂ ಹೆಚ್ಚು ಓಡ್ತಾವೆ, ಆಗ ಉಳಿತಾಯ ನಿಜವಾಗುತ್ತೆ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ಇಲ್ಲ ಅನ್ನೋ ನಿಯಮ ಬಂದಿದೆ. ಹಳೇ ಜೀಪು ಗುಜರಿಗೆ ಹೋಗೋವಾಗ 'ಇದರ ಬದಲು ಯಾವುದು' ಅಂತ ಕೇಳೋ ಮೊದಲು 'ಇದರ ಬದಲು ಬೇಕಾ' ಅಂತ ಕೇಳಬೇಕು.

ಬಸ್ಸು: ದೊಡ್ಡ ದುಡ್ಡು ಇಲ್ಲಿದೆ

ನಗರದ ಬಸ್ಸು ದಿನಕ್ಕೆ 200 ಕಿಲೋಮೀಟರ್ ಓಡುತ್ತೆ. ಡೀಸೆಲ್ ಬಸ್ಸು ಲೀಟರಿಗೆ ಮೂರೂವರೆ ಕಿಲೋಮೀಟರ್ ಕೊಟ್ರೆ, 90 ರೂಪಾಯಿ ಲೀಟರಿಗೆ, ಇಂಧನವೇ ಕಿಲೋಮೀಟರಿಗೆ 25 ರೂಪಾಯಿ ಮೇಲೆ. ಎಲೆಕ್ಟ್ರಿಕ್ ಬಸ್ಸಿಗೆ ಕಿಲೋಮೀಟರಿಗೆ 1.3 ಯೂನಿಟ್, 7 ರೂಪಾಯಿ ದರದಲ್ಲಿ 9 ರೂಪಾಯಿ. ಕಿಲೋಮೀಟರಿಗೆ 16 ರೂಪಾಯಿ ಉಳೀತು. ವರ್ಷಕ್ಕೆ 330 ದಿನ ಓಡಿದ್ರೆ ಒಂದು ಬಸ್ಸಿಗೆ ಹತ್ತು ಲಕ್ಷಕ್ಕೂ ಮೇಲೆ. ವರ್ಷಕ್ಕೆ 5,000 ಕಿಲೋಮೀಟರ್ ಓಡೋ ನಲವತ್ತು ಕಾರು ಸೇರಿದ್ರೆ ತಾನೇ ಹೆಚ್ಚುಕಡಿಮೆ ಇಷ್ಟು ಉಳಿಯೋದು.

ಆದರೆ ಬಸ್ಸಿನ ಬೆಲೆ ಡೀಸೆಲ್ಲಿಗಿಂತ ಬಹಳ ಜಾಸ್ತಿ, ಸಾರಿಗೆ ಸಂಸ್ಥೆಗಳ ಕೈಯಲ್ಲಿ ದುಡ್ಡಿಲ್ಲ. ಅದಕ್ಕೆ ಬಸ್ ಕೊಳ್ಳೋ ಬದಲು ಕಿಲೋಮೀಟರ್ ಕೊಳ್ಳೋ ಒಪ್ಪಂದ ಬಂತು. ಬಸ್ಸು, ಚಾಲಕ, ರಿಪೇರಿ ಕಂಪನಿಯದ್ದು. ಕಂಡಕ್ಟರ್, ಟಿಕೆಟ್ ದುಡ್ಡು ಸಾರಿಗೆ ಸಂಸ್ಥೆಯದ್ದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸರ್ವರ್ ಕೊಳ್ಳೋ ಬದಲು ಕ್ಲೌಡ್. ಇಇಎಸ್‌ಎಲ್‌ನ ಅಂಗಸಂಸ್ಥೆ ಸಿಇಎಸ್‌ಎಲ್ ಬೆಂಗಳೂರು, ದೆಹಲಿ, ಹೈದರಾಬಾದ್, ಕೋಲ್ಕತ್ತಾ, ಸೂರತ್ ಐದೂ ನಗರದ ಬೇಡಿಕೆ ಸೇರಿಸಿ 5,450 ಬಸ್ಸಿಗೆ ಒಂದೇ ಟೆಂಡರ್ ಕರೆಯಿತು. 2022ರಲ್ಲಿ ಬಂದ ಕನಿಷ್ಠ ದರ 12 ಮೀಟರ್ ಬಸ್ಸಿಗೆ ಕಿಲೋಮೀಟರಿಗೆ 43.49 ರೂಪಾಯಿ. ನಮ್ಮ ಬಿಎಂಟಿಸಿಯ 921 ಟಾಟಾ ಬಸ್ಸುಗಳು ಬಂದಿದ್ದು ಇದರಿಂದಲೇ. ರಜೆಗೆ ಊರಿಗೆ ಹೋದಾಗ ಸದ್ದಿಲ್ಲದ ಬಸ್ಸು ಹತ್ತಿದ್ರೆ, ಅದರ ಹಿಂದೆ ಈ ಟೆಂಡರ್ ಇರಬಹುದು.

ಈಗ ಆ ಹಳೇ ಪ್ರಶ್ನೆ: ಸಾರಿಗೆ ಸಂಸ್ಥೆ ದುಡ್ಡು ಕೊಡದೇ ಇದ್ರೆ? ಆ ಭಯಕ್ಕೇ ಕಂಪನಿಗಳು ಆಮೇಲಿನ ಟೆಂಡರುಗಳಿಗೆ ಹಿಂದೇಟು ಹಾಕಿದವು, ಬ್ಯಾಂಕುಗಳು ಸಾಲ ಕೊಡೋಕೆ ಹೆದರಿದವು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ 3,435 ಕೋಟಿಯ ಪಾವತಿ ಭದ್ರತಾ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸಂಸ್ಥೆ ಕಂತು ತಪ್ಪಿಸಿದ್ರೆ ನಿಧಿಯಿಂದ ಕಂಪನಿಗೆ ಪಾವತಿ, ಆಮೇಲೆ ರಾಜ್ಯದಿಂದ ವಸೂಲಿ. 38,000ಕ್ಕೂ ಹೆಚ್ಚು ಬಸ್ಸುಗಳಿಗೆ ಇದು ಬೆನ್ನೆಲುಬು. ಮೋಟಾರು ಬದಲಾಗಲಿಲ್ಲ, ಬ್ಯಾಟರಿ ಬದಲಾಗಲಿಲ್ಲ. ಬದಲಾಗಿದ್ದು ದುಡ್ಡು ಸಿಗುತ್ತೆ ಅನ್ನೋ ನಂಬಿಕೆ ಅಷ್ಟೇ. ಕಟ್ಟಡಗಳ ಎಸ್ಕೋ ಕೆಲಸಕ್ಕೂ ಇಂಥದ್ದೇ ಒಂದು ಭದ್ರತೆ ಸಿಕ್ಕಿದ್ರೆ ಖಾಸಗಿಯವರೂ ಮುಂದೆ ಬರ್ತಾರೆ ಅನ್ನೋದು ನನ್ನ ಅಭಿಪ್ರಾಯ.

ಕರೆಂಟ್ ಕಲ್ಲಿದ್ದಲಿಂದ ತಾನೆ?

ಈ ಪ್ರಶ್ನೆ ಬಂದೇ ಬರುತ್ತೆ, ಬರಬೇಕು ಕೂಡ. ನಮ್ಮ ಗ್ರಿಡ್ಡಿನ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್. 1.3 ಯೂನಿಟ್ ತಿನ್ನೋ ಬಸ್ಸಿಗೆ ಕಿಲೋಮೀಟರಿಗೆ 0.9 ಕೆಜಿ. ಡೀಸೆಲ್ ಲೀಟರಿಗೆ ಸುಮಾರು 2.7 ಕೆಜಿ, ಮೂರೂವರೆ ಕಿಲೋಮೀಟರಿಗೆ ಹಂಚಿದ್ರೆ 0.77 ಕೆಜಿ, ತೈಲ ತೆಗೆದು ಶುದ್ಧಿ ಮಾಡಿ ತರೋ ಖರ್ಚು ಸೇರಿಸಿದ್ರೆ ಹೆಚ್ಚುಕಡಿಮೆ ಸಮ. ಅಂದ್ರೆ ಇವತ್ತಿನ ಗ್ರಿಡ್ಡಿನಲ್ಲಿ ಇ-ಬಸ್ಸಿನ ಗೆಲುವು ರಸ್ತೆಯ ಹೊಗೆ, ಸದ್ದು ಮತ್ತು ಡೀಸೆಲ್ ಬಿಲ್ಲಿನಲ್ಲಿ. ಇಂಗಾಲದಲ್ಲಿ ದೊಡ್ಡ ಗೆಲುವು ಬರೋದು ಗ್ರಿಡ್ಡಿಗೆ ಗಾಳಿ, ಸೌರ ವಿದ್ಯುತ್ ಸೇರಿದ ಹಾಗೆ. ಆದರೆ ಕಟ್ಟಡದಲ್ಲಿ ಉಳಿಸಿದ ಪ್ರತಿ ಯೂನಿಟ್ ಇವತ್ತೇ, ಈಗಲೇ 0.7 ಕೆಜಿ ತಪ್ಪಿಸುತ್ತೆ. ಅದಕ್ಕೇ ನಾನು ಫ್ಯಾನಿನಿಂದ ಶುರು ಮಾಡಿದ್ದು.

ನಾವು ಏನು ಮಾಡಬಹುದು?

ಸರ್ಕಾರಿ ಕಟ್ಟಡದ ಬಿಲ್ ನಮ್ಮ ತೆರಿಗೆಯಿಂದ ಹೋಗುತ್ತೆ. ಜಿಲ್ಲಾ ಆಸ್ಪತ್ರೆ ಕರೆಂಟಿಗೆ ಕಟ್ಟೋ ದುಡ್ಡು ಔಷಧಿಗೆ ಹೋಗಬಹುದಿತ್ತು. ಹಾಗಾಗಿ ಕೇಳೋ ಹಕ್ಕಿದೆ. ನಿಮ್ಮೂರಿನ ಒಂದು ಕಚೇರಿಯೋ ಆಸ್ಪತ್ರೆಯೋ ಆರಿಸಿ, ಮಾಹಿತಿ ಹಕ್ಕಿನಲ್ಲಿ ಮೂರೇ ವಿಷಯ ಕೇಳಿ: ಮೂರು ವರ್ಷದ ತಿಂಗಳವಾರು ಯೂನಿಟ್, ಕಟ್ಟಡದ ವಿಸ್ತೀರ್ಣ, ಕೊನೇ ಎನರ್ಜಿ ಆಡಿಟ್ ಯಾವಾಗ ಆಯ್ತು. ಭಾಗಿಸಿದ್ರೆ ಇಪಿಐ ಸಿಗುತ್ತೆ. ಒಂದು ಸ್ಪ್ರೆಡ್‌ಶೀಟಿನ ಕೆಲಸ.

ಇದೇ ಅಭ್ಯಾಸವನ್ನ ನಿಮ್ಮ ಸೊಸೈಟಿಯ ಸಭೆಗೂ ತಗೊಂಡು ಹೋಗಿ. ಪಾರ್ಕಿಂಗ್ ದೀಪ, ನೀರಿನ ಪಂಪು, ಲಿಫ್ಟು ಮೂರಕ್ಕೂ ಬೇರೆ ಬೇರೆ ಮೀಟರ್ ಇದ್ಯಾ ಕೇಳಿ. ಇಲ್ಲ ಅಂದ್ರೆ ಮೊದಲ ಖರ್ಚು ಅದೇ ಆಗಲಿ, ಸೋಲಾರ್ ಆಮೇಲೆ. ಅಳೆದ ಮೇಲೆ ಏನು ಬದಲಾಯಿಸಬೇಕು ಅಂತ ಅಂಕಿಗಳೇ ಹೇಳ್ತಾವೆ.

ನಿಮ್ಮ ಊರಿನ ಕಚೇರಿಯದ್ದೋ ಸೊಸೈಟಿಯದ್ದೋ ಅಂಕಿ ಸಿಕ್ಕಿದ್ರೆ ಕಳಿಸಿ. ಹತ್ತು ಕಟ್ಟಡದ ಲೆಕ್ಕ ಸೇರಿದ ದಿನ ಅವನ್ನೇ ಹೋಲಿಸಿ ಇನ್ನೊಂದು ವಿಡಿಯೋ ಮಾಡೋಣ.